ಆಂಗ್ಕೋರ್ ಒಂದೇ ದಿನ: ಸೂರ್ಯೋದಯದ ಜೊತೆ ಬಾಂತೇ ಸ್ರೈ ಕೂಡ ಆಗುತ್ತಾ?

ಕಾಂಬೋಡಿಯಾದ ಆಂಗ್ಕೋರ್‌ನಲ್ಲಿ ಒಂದೇ ದಿನಕ್ಕೆ ನೀವಿಬ್ಬರು ಮಾಡಿರೋ ಪಟ್ಟಿಯಲ್ಲಿ ಆಂಗ್ಕೋರ್ ವಾಟ್‌ನ ಸೂರ್ಯೋದಯ, ಜೊತೆಗೆ ಬಯಾನ್, ತಾ ಪ್ರೋಮ್, ಬಾಂತೇ ಸ್ರೈ ದೇವಾಲಯಗಳಿವೆ. ಅದು ಒಂದು ದಿನಕ್ಕೆ ಹೊಂದದಿರೋದು ಬಾಂತೇ ಸ್ರೈಯಿಂದ. ಉಳಿದ ದೇವಾಲಯಗಳಿಂದ ಸುಮಾರು 25 ಕಿ.ಮೀ. ದೂರ, ಟುಕ್‌ಟುಕ್‌ನಲ್ಲಿ ಹೋಗಿಬರೋಷ್ಟರಲ್ಲಿ ಅರ್ಧ ದಿನ ಮುಗಿಯುತ್ತೆ. ಕೆತ್ತನೆ ಅಪರೂಪದ್ದು, ಆದರೂ ನಾನಾಗಿದ್ರೆ ಬಿಡ್ತೀನಿ.

ಹಿಂದಿನ ಸಂಜೆ 5ರ ನಂತರ ಟಿಕೆಟ್ ತಗೊಳ್ಳಿ, ಮರುದಿನಕ್ಕೂ ನಡೆಯುತ್ತೆ. ಒಬ್ಬರಿಗೆ 37 ಡಾಲರ್. ದೇವಸ್ಥಾನದ ಬಾಗಿಲಲ್ಲಿ ಕೊಡಲ್ಲ, ಟಿಕೆಟ್ ಕಚೇರಿಗೇ ಹೋಗಬೇಕು, ಇಲ್ಲಾಂದ್ರೆ ಆನ್‌ಲೈನ್.

ಬೆಳಗ್ಗೆ 5ಕ್ಕೆ ಆಂಗ್ಕೋರ್ ವಾಟ್. ಸೂರ್ಯ ಹುಟ್ಟಿದ್ದೇ ಜನ ತಿಂಡಿಗೆ ಓಡ್ತಾರೆ. ನೀವು ಆಗಲೇ ಒಳಗೆ ಹೋಗಿ. ಪೂರ್ವದ ಮೊಗಸಾಲೆಯಲ್ಲಿ 49 ಮೀಟರ್ ಉದ್ದದ ಸಮುದ್ರಮಥನ ಇದೆ. ವಾಸುಕಿ, ಕೂರ್ಮ, ನಡುವೆ ವಿಷ್ಣು: ನಮ್ಮವರಿಗೆ ಗೈಡೇ ಬೇಡ. ಮೇಲಿನ ಅಂತಸ್ತಿಗೆ ಭುಜ, ಮಂಡಿ ಮುಚ್ಚಿರಬೇಕು. ಶಾಲು ನಂಬಬೇಡಿ, ತೋಳಿರೋ ಅಂಗಿನೇ ಹಾಕ್ಕೊಳ್ಳಿ. ಬೌದ್ಧರ ಪವಿತ್ರ ದಿನವಾದರೆ ಆ ಅಂತಸ್ತು ಮುಚ್ಚಿರುತ್ತೆ, ನೀವು ಹೋಗೋ ದಿನ ತೆರೆದಿರುತ್ತಾ ಅಂತ ಹೋಟೆಲಲ್ಲಿ ಕೇಳಿ.

ಆಮೇಲೆ ಬಯಾನ್. ಬಿಸಿಲು ಏರಿದ ಮೇಲೆ ತಾ ಪ್ರೋಮ್, ಅಲ್ಲಿ ಮರದ ನೆರಳಿದೆ. ಇದೇ ಕ್ರಮ ಹೇಳಿ ಟುಕ್‌ಟುಕ್‌ನವರ ಹತ್ತಿರ ಇಡೀ ದಿನದ ಬಾಡಿಗೆ ಮೊದಲೇ ಮಾತಾಡ್ಕೊಳ್ಳಿ.