ಕಾರವಾರದಲ್ಲಿ ಮನೆಯಲ್ಲೇ ಕಾರು ತೊಳೆದು ಕಾಪಾಡಲು ಯಾವ ಶಾಂಪೂ, ಯಾವ ಕೋಟಿಂಗ್ ಒಳ್ಳೆಯದು?

ಹೊಸ ಕಾರು, ಕಾರವಾರಕ್ಕೆ ವರ್ಗ, ಕಡಲಿಗೆ ಹತ್ತಿರದ ಬಾಡಿಗೆ ಮನೆ, 5 ಸಾವಿರ ರೂಪಾಯಿಯೊಳಗೆ ಶಾಂಪೂ, ವ್ಯಾಕ್ಸ್, ಸೆರಾಮಿಕ್ ಸ್ಪ್ರೇ ಯಾವುದು ತರಲಿ ಅಂತ ಕೇಳಿದ್ದೀರಿ. ಕೋಡಿಬಾಗದಲ್ಲಿ ಮನೆ ಮಾಡಿದ ಹೊಸತರಲ್ಲಿ ನಾನೂ ಇಂಥದ್ದೇ ಪಟ್ಟಿ ಹಿಡಿದು ಕೂತವನು. ಪಟ್ಟಿಯಲ್ಲಿದ್ದದ್ದೆಲ್ಲ ತರಿಸಿದೆ. ನೀರು ಬಿದ್ದರೆ ಮಣಿಮಣಿಯಾಗಿ ಉರುಳಿ ಹೋಗುತ್ತಿತ್ತು, ಬೊನೆಟ್ ಮೇಲೆ ಮುಖ ಕಾಣುತ್ತಿತ್ತು. ಅದೇ ಕಾರಿನ ಎಡಗಡೆ ಬಾಗಿಲ ಕೆಳಗೆ ಅಂಕೋಲೆಯ ಟಿಂಕರ್ ಒಬ್ಬರು ಸ್ಕ್ರೂಡ್ರೈವರ್ ಒತ್ತಿದಾಗ ಅದು ಹಿಡಿಯವರೆಗೂ ಒಳಗೆ ಹೋಯಿತು.

ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. ನೀವು ತಪ್ಪಿಸಿಕೊಳ್ಳಬೇಕಾದ್ದು ಇದೊಂದನ್ನೇ.

ಮೊದಲ ಮಳೆಗಾಲದಲ್ಲೇ ಹಿಂದಿನ ಚಕ್ರದ ಮೇಲ್ಭಾಗದ ಒಳಗೆ, ಬೋಲ್ಟುಗಳ ಸುತ್ತ, ಕೆಂಪು ಚುಕ್ಕೆಗಳು ಕಂಡವು. ಗಾಬರಿಯಾಗಿ ತಳಕ್ಕೆ ಹೊಡೆಯುವ ಕಪ್ಪು ರಬ್ಬರ್ ಕೋಟಿಂಗ್ ಸ್ಪ್ರೇ ತರಿಸಿದೆ. ಜುಲೈ ತಿಂಗಳು. ಒಂದು ಭಾನುವಾರ ಮಳೆ ಸ್ವಲ್ಪ ಹೊಳವಾಗಿತ್ತು. ಬೆಳಿಗ್ಗೆ ಪೈಪು ಹಿಡಿದು ತಳ ತೊಳೆದೆ, ಬಟ್ಟೆಯಲ್ಲಿ ಒರೆಸಿದೆ, ಸಂಜೆ ಸ್ಪ್ರೇ ಹೊಡೆದೆ. ಬಾಗಿಲುಗಳ ಕೆಳ ಅಂಚಿನಲ್ಲಿ ಮತ್ತು ಹೊಸ್ತಿಲ ಕೆಳಗಿನ ಟೊಳ್ಳು ಭಾಗದಲ್ಲಿ ಸಣ್ಣ ಸಣ್ಣ ಕಿಂಡಿಗಳಿದ್ದವು. ನೀರು ಒಳಗೆ ಹೋಗುವ ದಾರಿ ಇದೇ ಅಂದುಕೊಂಡು ಒಂದನ್ನೂ ಬಿಡದೆ, ಎರಡೆರಡು ಪದರ ಹೊಡೆದು ಮುಚ್ಚಿದೆ.

ಆ ಕಿಂಡಿಗಳಿರುವುದು ನೀರು ಹೊರಗೆ ಹೋಗಲಿಕ್ಕೆ. ಕಾರಿನ ಬಾಗಿಲೊಳಗೆ ನೀರು ಬರುವುದು ದೋಷವಲ್ಲ, ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಕಿಟಕಿ ಗಾಜಿನ ರಬ್ಬರ್ ಪಟ್ಟಿ ದಾಟಿ ಪ್ರತಿ ಮಳೆಗೂ ನೀರು ಒಳಗಿಳಿಯುತ್ತದೆ, ಕೆಳಗಿನ ಕಿಂಡಿಯಿಂದ ಹೊರಗೆ ಬೀಳುತ್ತದೆ. ಹೊಸ್ತಿಲೂ ಅಷ್ಟೇ, ಒಳಗೆ ಸೇರಿದ ತೇವ ಹೊರಗೆ ಹರಿಯಬೇಕು, ಗಾಳಿ ಆಡಬೇಕು. ನಾನು ಅದನ್ನು ರಬ್ಬರಿನಿಂದ ಮೆತ್ತಿಬಿಟ್ಟಿದ್ದೆ.

ಅದಕ್ಕಿಂತ ಕೆಟ್ಟದ್ದು, ಒಳಗೆ ಉಪ್ಪು ಇತ್ತು. ಬಟ್ಟೆಯಲ್ಲಿ ಒರೆಸಿದರೆ ಕಣ್ಣಿಗೆ ಒಣಗಿದಂತೆ ಕಾಣುತ್ತದೆ. ಆದರೆ ಎರಡು ತಗಡು ಕೂಡುವ ಸಂದಿಯಲ್ಲಿ ಕಡಲುಪ್ಪು ಕೂತಿದ್ದರೆ ಆ ಜಾಗ ನಮ್ಮ ಊರಲ್ಲಿ ಒಣಗುವುದೇ ಇಲ್ಲ. ಗಾಳಿಯ ತೇವಾಂಶ ಶೇ 75ರ ಆಸುಪಾಸಿಗೆ ಬಂದರೆ ಸಾಕು, ಅಡುಗೆ ಉಪ್ಪು ತಾನೇ ನೀರು ಹೀರಿ ಕರಗಲು ಶುರುವಾಗುತ್ತದೆ. ಕಡಲುಪ್ಪಿನಲ್ಲಿ ಇರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಶೇ 33 ಇದ್ದರೂ ಸಾಕು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ಬಿಡುತ್ತದಲ್ಲ, ನನ್ನ ಕಾರಿನ ಹೊಸ್ತಿಲೊಳಗೂ ಅದೇ ನಡೆಯುತ್ತಿತ್ತು. ಒಳಗೆ ಉಪ್ಪುನೀರು, ಹೊರಗೆ ರಬ್ಬರ್ ಮುಚ್ಚಳ. ತುಕ್ಕು ಹಿಡಿಯಲು ಆಮ್ಲಜನಕ ಬೇಕು, ನೀರು ಬೇಕು. ಉಪ್ಪು ಸೇರಿದರೆ ಆ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿದು ಕೆಲಸ ಎಷ್ಟೋ ಪಟ್ಟು ಬೇಗ ಸಾಗುತ್ತದೆ. ಕ್ಲೋರೈಡ್ ತುಕ್ಕಿಗೆ ಖರ್ಚಾಗಿ ಮುಗಿಯುವುದೂ ಇಲ್ಲ. ಅಲ್ಲೇ ಉಳಿದು ಮತ್ತೆ ಮತ್ತೆ ತಿನ್ನುತ್ತದೆ.

ಗೊತ್ತಾಗಬೇಕಿತ್ತು, ಸೂಚನೆ ಇದ್ದವು. ಬಾಗಿಲು ತೆರೆದರೆ ಒಳಗೆ ನೀರು ತುಳುಕುವ ಸದ್ದು. ಮುಂದಿನ ಸೀಟಿನ ಕಾರ್ಪೆಟ್ಟಿಗೆ ಮುಗ್ಗಲು ವಾಸನೆ. ಆಮೇಲೆ ಬಾಗಿಲ ಕೆಳ ಅಂಚಿನಲ್ಲಿ ಪೇಂಟ್ ಸಣ್ಣ ಗುಳ್ಳೆಯಾಗಿ ಎದ್ದಿತು. ಕಲ್ಲು ಸಿಡಿದು ಆಗಿರಬೇಕು ಅಂತ ಅದರ ಮೇಲೆ ಟಚ್‌ಅಪ್ ಪೇಂಟ್ ಹಚ್ಚಿ, ಮೇಲೆ ವ್ಯಾಕ್ಸ್ ಉಜ್ಜಿದೆ. ಟಿಂಕರ್ ನೋಡಿದ ಕೂಡಲೇ ಹೇಳಿದರು: "ಸರ್, ಇದು ಹೊರಗಿನಿಂದ ಬಂದ ತುಕ್ಕಲ್ಲ, ಒಳಗಿನಿಂದ ತಿಂದುಕೊಂಡು ಬಂದದ್ದು. ಈ ಕಿಂಡಿ ಮುಚ್ಚಿದ್ದು ಯಾರು?" ಹೊಸ್ತಿಲು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ, ಪುಟ್ಟಿ, ಪ್ರೈಮರ್, ಪೇಂಟ್ ಎಲ್ಲ ಆಗುವ ಹೊತ್ತಿಗೆ ನಾನು ಅಲ್ಲಿಯವರೆಗೆ ಶಾಂಪೂ, ಪಾಲಿಶ್‌ಗೆ ಸುರಿದದ್ದರ ಎಷ್ಟೋ ಪಟ್ಟು ಹಣ ಹೋಯಿತು. ಕಂಪನಿಯಲ್ಲಿ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಅದ್ದಿ ತೆಗೆದಿರುತ್ತಾರೆ, ಸಂದಿಗೊಂದಿಗೂ ಅದು ಹೋಗಿರುತ್ತದೆ. ವೆಲ್ಡ್ ಮಾಡಿದ ಜಾಗಕ್ಕೆ ಆ ರಕ್ಷಣೆ ಮತ್ತೆ ಸಿಗುವುದಿಲ್ಲ.

ಇನ್ನೊಂದು ಹೇಳಬೇಕು. ಶಿರಸಿಯ ನನ್ನ ಭಾವನ ಹತ್ತಿರ ಇದೇ ಮಾಡೆಲ್, ಇದೇ ವರ್ಷದ ಕಾರಿದೆ. ಅಡಿಕೆ ಚೀಲ ಹೇರುತ್ತಾನೆ, ತೋಟದ ಕೆಸರಲ್ಲಿ ಓಡಿಸುತ್ತಾನೆ, ಅಂಗಳದ ಬಾವಿ ನೀರು ಎರಚಿ ಹಳೆ ಪಂಚೆಯಲ್ಲಿ ಒರೆಸುತ್ತಾನೆ. ಪೇಂಟ್ ತುಂಬ ಗೀರು, ವ್ಯಾಕ್ಸ್ ಕಂಡದ್ದೇ ಇಲ್ಲ. ಅದನ್ನು ಲಿಫ್ಟಿಗೆ ಏರಿಸಿದಾಗ ನಾನು ಕೆಳಗೆ ನಿಂತು ನೋಡಿದ್ದೇನೆ. ತಳ ಗಟ್ಟಿಮುಟ್ಟಾಗಿದೆ. ಶಿರಸಿಯಲ್ಲೂ ಮಳೆ ಕಡಿಮೆಯೇನಲ್ಲ, ಆದರೆ ದೇವಿಮನೆ ಘಟ್ಟ ಹತ್ತಿದ ಮೇಲೆ ಕಡಲ ಉಪ್ಪಿಲ್ಲ. ಹಾಗಾಗಿ ಶಿರಸಿಯವರೋ ಬೆಂಗಳೂರಿನವರೋ "ನನಗೆ ಈ ಕೋಟಿಂಗ್ ಸಾಕಾಯಿತು" ಅಂದರೆ ಅದು ನಿಮಗೆ ಅನ್ವಯಿಸುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಕೇಳಿದ್ದೆಲ್ಲ ಮೇಲಿನ ಹೊಳಪಿನ ಸಾಮಾನು. ಕಡಲ ಬದಿಯಲ್ಲಿ ಕಾರು ಹಾಳಾಗುವುದು ಕಾಣದ ಕಡೆಯಿಂದ. ಸೆರಾಮಿಕ್ ಬಾಟಲಿ ಮೇಲೆ 9ಎಚ್ ಅಂತ ಬರೆದಿರುತ್ತದಲ್ಲ, ಅದು ಪೆನ್ಸಿಲ್‌ನಿಂದ ಗೀರಿ ನೋಡುವ ಪರೀಕ್ಷೆಯ ಅಳತೆ. ಮರಳಿನ ಕಣ ಉಜ್ಜಿದರೆ ಅದೂ ಗೀರುತ್ತದೆ. ತಳಕ್ಕಂತೂ ಅದರಿಂದ ಏನೂ ಪ್ರಯೋಜನವಿಲ್ಲ.

ಮೊದಲು ನೀರಿನ ವಿಚಾರ ನೋಡಿಕೊಳ್ಳಿ. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಸವಳಾಗುವುದುಂಟು. ಅದರಲ್ಲಿ ತೊಳೆದರೆ ಉಪ್ಪು ತೆಗೆದಂತಾಗುವುದಿಲ್ಲ, ಹಚ್ಚಿದಂತಾಗುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಅಗ್ಗದ ಟಿಡಿಎಸ್ ಮೀಟರ್ ಒಂದು ತಂದು ಬಾವಿ ನೀರು, ನಲ್ಲಿ ನೀರು ಎರಡನ್ನೂ ಅಳೆದು ನೋಡಿ. ಕೊನೆಯ ಸಲ ತೊಳೆಯುವ ನೀರು ಸಿಹಿನೀರೇ ಆಗಿರಬೇಕು. ಮಳೆಗಾಲದಲ್ಲಿ ಮಾಡಿನ ನೀರು ಡ್ರಮ್ಮಿಗೆ ಹಿಡಿದರೆ ಅದಕ್ಕಿಂತ ಒಳ್ಳೆಯದು ಇಲ್ಲ, ಬಿಳಿ ಕಲೆ ಕೂಡ ಉಳಿಯುವುದಿಲ್ಲ.

ಆಮೇಲೆ ತಳ. ಪೈಪಿಗೆ ಸಿಕ್ಕಿಸಿ ಮೇಲ್ಮುಖವಾಗಿ ನೀರು ಚಿಮ್ಮಿಸುವ ಸಲಕರಣೆ ಸಿಗುತ್ತದೆ, ಅದನ್ನು ತನ್ನಿ. ಚಕ್ರದ ಮೇಲಿನ ಗೂಡುಗಳಲ್ಲಿ ಹೆದ್ದಾರಿ 66ರ ಕೆಂಪು ಕೆಸರು ಗಟ್ಟಿಯಾಗಿ ಕೂತು ಉಪ್ಪನ್ನೂ ತೇವವನ್ನೂ ಹಿಡಿದಿಡುತ್ತದೆ, ಕೈ ಹಾಕಿ ತೆಗೆಯಿರಿ. ಸುರಿಯುವ ಮಳೆ ಕಾರಿನ ಮೇಲ್ಭಾಗ ತೊಳೆಯುತ್ತದೆ, ಆ ಗೂಡುಗಳನ್ನಲ್ಲ. ಬರೀ ಜಾಕಿ ಮೇಲೆ ನಿಂತ ಕಾರಿನಡಿ ಮಾತ್ರ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಬಾಗಿಲ ಕಿಂಡಿಗಳನ್ನು ನೈಲಾನ್ ತಂತಿಯಿಂದ ಬಿಡಿಸಿ, ಕಬ್ಬಿಣದ ಕಡ್ಡಿ ಹಾಕಿದರೆ ಪೇಂಟ್ ಕಿತ್ತುಬರುತ್ತದೆ. ಮುಂದಿನ ಗಾಜಿನ ಕೆಳಗೆ ವೈಪರ್ ಇರುವ ಜಾಗದಲ್ಲಿ ಗೇರು, ಮಾವಿನ ಎಲೆ ಸೇರಿ ಅಲ್ಲಿಯ ನೀರಿನ ದಾರಿ ಕಟ್ಟುತ್ತದೆ, ಅದನ್ನೂ ತೆಗೆಯಿರಿ.

ರಕ್ಷಣೆಗೆ ಖರ್ಚು ಮಾಡುವುದಿದ್ದರೆ ಟೊಳ್ಳು ಭಾಗಗಳ ಒಳಗೆ ಹೊಡೆಯುವ ವ್ಯಾಕ್ಸ್ ಅಥವಾ ಲ್ಯಾನೋಲಿನ್ ಸ್ಪ್ರೇಗೆ ಮಾಡಿ. ಲ್ಯಾನೋಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು. ಉದ್ದ ನಳಿಗೆ ಇರುವ ಡಬ್ಬಿಯನ್ನೇ ಕೇಳಿ. ಇದು ಗಟ್ಟಿ ಸಿಪ್ಪೆ ಕಟ್ಟುವುದಿಲ್ಲ, ಸಂದಿಗೆ ಹರಿದು ನೀರನ್ನು ಹೊರದಬ್ಬುತ್ತದೆ. ರಬ್ಬರ್ ಕೋಟಿಂಗ್ ಹಾಗಲ್ಲ, ಎಲ್ಲಾದರೂ ಬಿರುಕು ಬಿಟ್ಟರೆ ಒಳಗೆ ನುಗ್ಗಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲಿನಿಂದ ನೋಡಿದರೆ ಕಪ್ಪಗೆ ಚೆನ್ನಾಗಿಯೇ ಕಾಣುತ್ತದೆ. ಹೊಡೆಯಬೇಕಾದದ್ದು ಡಿಸೆಂಬರ್, ಜನವರಿಯಲ್ಲಿ: ಸಿಹಿನೀರಲ್ಲಿ ತಳ ತೊಳೆದು, ಘಟ್ಟದ ಕಡೆ ಒಂದು ಸುತ್ತು ಓಡಿಸಿ, ಪೂರ್ತಿ ಒಣಗಿದ ಮೇಲೆ. ಹೊಡೆದಾದ ಮೇಲೆ ಕಿಂಡಿಗಳು ತೆರೆದಿವೆಯಾ ಅಂತ ಒಂದೊಂದಾಗಿ ನೋಡಿ. ಬ್ರೇಕಿಗೆ, ಸೈಲೆನ್ಸರಿಗೆ ಮಾತ್ರ ತಾಗಿಸಬೇಡಿ. ತುಕ್ಕು ಬಿಡಿಸಲು ಹೊಡೆಯುವ ಡಬ್ಲ್ಯುಡಿ-40 ಎಣ್ಣೆ ಸ್ಪ್ರೇ ಇದಕ್ಕೆ ಸಾಲದು, ಅದು ಬೇಗ ಹಾರಿ ತೊಳೆದುಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ತಳಕ್ಕೆ ಡೀಸೆಲ್ ಹೊಡೆಯುತ್ತೇವೆ ಅಂದರೆ ಬೇಡ ಅನ್ನಿ, ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ.

ಮೇಲಿನ ತೊಳೆತಕ್ಕೆ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಕಾರ್ ಶಾಂಪೂ ಯಾವ ಕಂಪನಿಯದಾದರೂ ನಡೆಯುತ್ತದೆ. ಬಟ್ಟೆ ಸೋಪಿನ ಪುಡಿ, ಪಾತ್ರೆ ಸೋಪು ಬೇಡ, ಹಚ್ಚಿದ ವ್ಯಾಕ್ಸೆಲ್ಲ ಬಿಟ್ಟುಹೋಗುತ್ತದೆ. ಮುಟ್ಟುವ ಮೊದಲು ನೀರು ಹೊಡೆದು ಮರಳು ಇಳಿಸಿ. ಸ್ಪಂಜು ಬಿಟ್ಟು ಮೈಕ್ರೋಫೈಬರ್ ಕೈಗವಸು ಹಿಡಿಯಿರಿ, ಬಕೆಟ್ ಎರಡಿರಲಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಗವಸು ಜಾಲಿಸಲು ಬರೀ ನೀರು. ಪೇಂಟಿನ ಮೇಲಿನ ಪಾರದರ್ಶಕ ಪದರ ಇರುವುದೇ ಸುಮಾರು 40-50 ಮೈಕ್ರಾನ್, ಪ್ರತಿ ಪಾಲಿಶ್ ಅದರಲ್ಲಿ ಸ್ವಲ್ಪ ತಿನ್ನುತ್ತದೆ, ಹೊಸ ಕಾರಿಗೆ ಪಾಲಿಶ್ ಬೇಡವೇ ಬೇಡ. ವ್ಯಾಕ್ಸ್ ಬೇಕಿದ್ದರೆ ಸ್ಪ್ರೇ ರೂಪದ ಸೀಲೆಂಟ್ ಸಾಕು. ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೂಬಾ ವ್ಯಾಕ್ಸ್ ನಮ್ಮ ಬಿಸಿಲು ಮಳೆಗೆ ಕೆಲವೇ ವಾರ ನಿಲ್ಲುತ್ತದೆ. ಹಕ್ಕಿ ಹಿಕ್ಕೆ, ಮಾವಿನ ಸೊನೆ ಬಿದ್ದರೆ ಅವತ್ತೇ ತೊಳೆಯಿರಿ, ಭಾನುವಾರದವರೆಗೆ ಕಾಯಬೇಡಿ.

ಕಾರಿನ ಕವರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಕೊಳ್ಳಬೇಡಿ. ಮಧ್ಯಾಹ್ನ ಕಡಲ ಗಾಳಿ ಎದ್ದರೆ ಅದು ಪಟಪಟ ಬಡಿದು ಒಳಗೆ ಸಿಕ್ಕ ಮರಳಿನಿಂದ ಪೇಂಟ್ ಉಜ್ಜುತ್ತದೆ, ಅಡಿಯಲ್ಲಿ ತೇವ ನಿಲ್ಲುತ್ತದೆ. ಅಲೆ ಒಡೆಯುವ ಜಾಗದಿಂದ ಕೆಲವು ನೂರು ಮೀಟರ್ ಒಳಗೆ ಹೋದರೂ ಗಾಳಿಯ ಉಪ್ಪು ಎಷ್ಟೋ ಇಳಿಯುತ್ತದೆ. ಹಾಗಾಗಿ ಮನೆಯ ಯಜಮಾನರನ್ನು ಕೇಳಿ, ಕಡಲಿಗೆ ಬೆನ್ನು ಹಾಕಿದ ಗೋಡೆಯ ಮರೆಯಲ್ಲಿ, ಮೇಲೆ ಮಾಡು, ಸುತ್ತ ಗಾಳಿಯಾಡುವ ಜಾಗ ಇದ್ದರೆ ಅಲ್ಲಿ ನಿಲ್ಲಿಸಿ. ಈಗ ಯಾವ ತಿಂಗಳು, ಯಾವ ಕಾರು ಅಂತ ತಿಳಿಸಿದರೆ ಅದರ ಕಿಂಡಿಗಳು ಎಲ್ಲೆಲ್ಲಿವೆ ಅಂತ ನೋಡಿ ಹೇಳುತ್ತೇನೆ.