ಮೂರು ರಾಜ್ಯ ಕೂಡುವ ಮೂಲೆಯಿಂದ

ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕೂಡುವ ಜಾಗ ನೋಡೋಕೆ ಮೈಸೂರಿನಿಂದ ಬರ್ತೀನಿ ಅಂದಿದ್ದೀರಿ. ಖಂಡಿತ ಬನ್ನಿ. ಅದು ನಮ್ಮ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಉತ್ತರದ ತುದಿ. ಎಲ್ಲಿ ನೋಡಿದರೂ ಎರೆ ಹೊಲ. ಒಂದು ಕಡೆ ಮಹಾರಾಷ್ಟ್ರದ ದೇಗಲೂರು, ಇನ್ನೊಂದು ಕಡೆ ತೆಲಂಗಾಣದ ಜುಕ್ಕಲ್, ಮೂರನೇ ಕಡೆ ನಾವು.

ಗಡಿ ಇಲ್ಲೇ ಯಾಕೆ ಬಿತ್ತು ಅಂತ ಕೇಳಿದ್ದೀರಲ್ಲ, ಅದು ನನಗೆ ತುಂಬ ಹತ್ತಿರದ ವಿಷಯ. 1956ರ ನವೆಂಬರ್ 1ಕ್ಕೆ, ಈ ಮೂರೂ ಕಡೆ ಸೇರಿದ್ದ ಹೈದರಾಬಾದ್ ರಾಜ್ಯ ಒಡೆಯಿತು. ಆಗ ಎಲ್ಲ ಜಿಲ್ಲೆಗಳನ್ನೂ ಇಡಿಯಾಗಿ ಹಂಚಲಿಲ್ಲ. ಹಳೇ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು, ಈಗ ಅವು ಮಹಾರಾಷ್ಟ್ರ. ನಾರಾಯಣಖೇಡ ಆಂಧ್ರಕ್ಕೆ ಹೋಯಿತು, ಆ ಭಾಗ ಈಗ ತೆಲಂಗಾಣ. ಜಹೀರಾಬಾದ್ ತಾಲೂಕೂ ಹೋಯಿತು, ಆದರೆ ಅದರ ನಿರ್ಣಾ ಸರ್ಕಲ್ ಮಾತ್ರ ಈ ಕಡೆ ಉಳಿಯಿತು. ಬೀದರ್ ತಾಲೂಕಿನದೇ ಆದ ನ್ಯಾಲಕಲ್ ಸರ್ಕಲ್ ಆ ಕಡೆ ಸೇರಿತು. ಸರ್ಕಲ್ ಅಂದ್ರೆ ಕಂದಾಯದ ಲೆಕ್ಕಕ್ಕೆ ಮಾಡಿಕೊಂಡ ಹಳ್ಳಿಗಳ ಗುಂಪು, ಅಷ್ಟೇ. ನಾಂದೇಡ ಜಿಲ್ಲೆಯ ದೇಗಲೂರು ತಾಲೂಕಿನಿಂದ ಬಿಚಕುಂದಾ, ಜುಕ್ಕಲ್ ಸರ್ಕಲ್‌ಗಳನ್ನು ಬಿಡಿಸಿ ಆಂಧ್ರಕ್ಕೆ ಕೊಟ್ಟರು. ಹಾಗೆ ಬಿಡಿಸಿದ್ದಕ್ಕೇ ನೀವು ಹುಡುಕುವ ಮೂಲೆ ಹುಟ್ಟಿದ್ದು.

ಬಂಗಾಳದ ಕೂಚ್ ಬಿಹಾರದಂಥ ತುಣುಕು ಊರುಗಳು, ಅಂದ್ರೆ ಸುತ್ತಲೂ ಬೇರೆಯವರ ನೆಲ ಇರುವ ಊರುಗಳು, ಇಲ್ಲೂ ಇದ್ದವಾ ಅಂತಲೂ ಕೇಳಿದ್ದೀರಿ. ಅಲ್ಲಿ ಭಾರತದ 111 ತುಣುಕುಗಳು ಬಾಂಗ್ಲಾದೇಶದೊಳಗೆ, ಅವರ 51 ನಮ್ಮೊಳಗೆ ಇದ್ದವು. 2015ರ ಜುಲೈ 31ರ ಮಧ್ಯರಾತ್ರಿ ಅದಲು ಬದಲು ಆದವು. ನಿಜಾಮರ ರಾಜ್ಯಕ್ಕೂ ಮುಂಬೈ ಪ್ರಾಂತ್ಯಕ್ಕೂ ನಡುವೆ ಅಂಥ ತುಣುಕುಗಳು ಇದ್ದವು. 1950ರ ಒಂದು ಆದೇಶದಲ್ಲಿ ಅವನ್ನು ಸುತ್ತಲಿನ ಪ್ರಾಂತ್ಯಕ್ಕೋ ರಾಜ್ಯಕ್ಕೋ ಸೇರಿಸಿದರು.

ಕಲಬುರಗಿ ಕಡೆ ಹೋದರೆ ಇನ್ನೊಂದು ನೋಡಿ. ಅದೇ 1956ರಲ್ಲಿ ಆ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕು ಆಂಧ್ರಕ್ಕೆ ಹೋದವು. ನೆಲದಡಿಯ ಸುಣ್ಣದ ಕಲ್ಲಿನ ಪದರ ಮಾತ್ರ ಎರಡೂ ಕಡೆ ಇದೆ. ಈ ಕಡೆ ಕಿತ್ತರೆ ಶಹಾಬಾದ್ ಕಲ್ಲು, ಆ ಕಡೆ ಕಿತ್ತರೆ ತಾಂಡೂರು ಕಲ್ಲು.

ಮನೆ ವಿಷಯಕ್ಕೆ ಬರ್ತೀನಿ. ನಮ್ಮವ್ವನ ತವರು ದೇಗಲೂರು ಕಡೆ. ಅಕ್ಕನನ್ನು ಕೊಟ್ಟಿದ್ದು ಜುಕ್ಕಲ್ ಕಡೆ. ಹೊಲದ ಕಾಗದ ಅಂದ್ರೆ ನಮಗೆ ಪಹಣಿ, ಮಾಮಾನಿಗೆ ಸಾತ್‌ಬಾರಾ, ಅಕ್ಕನ ಮನೆಯವರಿಗೆ ಪಟ್ಟಾದಾರ್ ಪಾಸ್‌ಬುಕ್. ಕನ್ನಡ, ಮರಾಠಿ, ತೆಲುಗು. ಮೂರೂ ಮನೆಯವರು ಹಿಂದಕ್ಕೆ ಹೋಗಿ ಹುಡುಕಿದರೆ ಸಿಗೋದು ಹೈದರಾಬಾದ್ ರಾಜ್ಯದ ಕಾಲದ ಉರ್ದು. ನಮ್ಮ ಟ್ರಂಕಿನಲ್ಲಿ 1954ರ ಖಾಸ್ರಾ ಪಹಣಿಯ, ಅಂದ್ರೆ ಆಗಿನ ಹೊಲದ ದಾಖಲೆಯ, ನಕಲಿದೆ. ಮಡಿಕೆ ಬಿದ್ದ ಕಡೆಯೆಲ್ಲ ಹರಿದಿದೆ, ಹಿಂದೆ ಗೋಂದು ಹಚ್ಚಿ ಹಾಳೆ ಅಂಟಿಸಿದ್ದೀವಿ. ಅದನ್ನು ಓದೋಕೆ ಬರುತ್ತಿದ್ದ ಕಾಕಾ ತೀರಿಕೊಂಡರು. ಈಗ ಓದಿಸೋಕೆ ಬೀದರಿಗೇ ಹೋಗಬೇಕು.

ಅಕ್ಕನ ಮನೆಯ ಹಳೇ ಬೈಕಿಗೆ ಎಪಿ ನಂಬರು. ತೆಲಂಗಾಣ ಬೇರೆ ಆದ ಮೇಲೆ ಕೊಂಡಿದ್ದಕ್ಕೆ ಟಿಎಸ್. ಆ ಅಕ್ಷರವೂ ಬದಲಾದ ಮೇಲೆ ತಂದ ಸ್ಕೂಟಿಗೆ ಟಿಜಿ. ಮನೆ ಅದೇ, ಅಂಗಳ ಅದೇ.

ಕಷ್ಟ ಆಗೋದು ಮಕ್ಕಳಿಗೆ. ನನ್ನ ಮಗಳನ್ನು ಹೆತ್ತಿದ್ದು ಹೆಂಡತಿಯ ತವರಲ್ಲಿ, ಅದೂ ಮಹಾರಾಷ್ಟ್ರದಲ್ಲೇ. ಹಾಗಾಗಿ ಜನನ ಪ್ರಮಾಣಪತ್ರ ಮರಾಠಿಯಲ್ಲಿದೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡಿಸುವ 371(ಜೆ) ಸರ್ಟಿಫಿಕೇಟಿಗೆ ಅರ್ಜಿ ಹಾಕಿದಾಗ ಒಂದು ಕಚೇರಿಯಲ್ಲಿ "ನೀವು ಹೊರ ರಾಜ್ಯದವರಾ?" ಅಂತ ಕೇಳಿದರು. ನಾಲ್ಕು ಸಲ ಓಡಾಡಿದೆ. ಹೆರಿಗೆಗೆ ತವರಿಗೆ ಹೋಗೋದು ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ. ಗಡಿ ಬಂದಿದ್ದು ಅದರ ಎಷ್ಟೋ ಕಾಲದ ಮೇಲೆ. ಇದನ್ನು ಆ ಮೇಜಿನ ಮುಂದೆ ನಿಂತು ಹೇಳೋಕೆ ಆಗಲಿಲ್ಲ, ಇಲ್ಲಿ ಹೇಳ್ತಿದ್ದೀನಿ.

2020ರ ಲಾಕ್‌ಡೌನಿನಲ್ಲಿ ಮಾತ್ರ ಗಡಿ ಕಣ್ಣಿಗೆ ಕಂಡಿತು. ರಸ್ತೆಗೆ ಮಣ್ಣು ಸುರಿದಿದ್ದರು. ಅಕ್ಕ ಆ ಕಡೆ, ಅವ್ವ ಈ ಕಡೆ ನಿಂತು ಮಾತಾಡಿದರು. ಅವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು: ಜೋಳದ ರೊಟ್ಟಿ, ಪುಂಡಿ ಪಲ್ಯ. ಮಣ್ಣಿನ ದಿಬ್ಬದ ಮೇಲೆ ಇಟ್ಟು ಹಿಂದೆ ಸರಿದಳು. ಅಕ್ಕ ಬಂದು ತಗೊಂಡಳು.

ನೀವು ದೀಪಾವಳಿ ಕಳೆದ ಮೇಲೆ ಬನ್ನಿ. ಸೋಯಾ ರಾಶಿ ಮುಗಿದಿರುತ್ತೆ, ಎರೆ ಮಣ್ಣು ಒಣಗಿರುತ್ತೆ. ಮಳೆಯಲ್ಲಿ ಬಂದರೆ ಹೆಜ್ಜೆ ಹೆಜ್ಜೆಗೂ ಕಾಲಿಗೆ ಮೆತ್ತುತ್ತೆ, ಆ ಮೂಲೆ ತನಕ ನಡೆಯೋಕೆ ಆಗಲ್ಲ. ಊಟ ನಮ್ಮನೆಯಲ್ಲೇ.