ಕತ್ತರಿ ತಿರುಗಿಸಬೇಡಿ, ಕಾಗದ ತಿರುಗಿಸಿ

ಅಕ್ಕಾ, ಸಿಂಗಾಪುರದಲ್ಲಿ ಚೀನೀ ಹೊಸವರ್ಷದ ಶಿಬಿರಕ್ಕೆ ಹೋಗಿ ಕಾಗದ ಮಡಿಸಿ ಕತ್ತರಿಸುವ ಚೀನೀ ಚಿತ್ತಾರ ಕಲಿತಿರಿ, ಮನೆಯಲ್ಲಿ ಮಾಡಿದರೆ ಆ ಚೀನೀ ಜೋಡಿ ಅಕ್ಷರ ಎರಡು ತುಂಡಾಗುತ್ತಿದೆ ಅಂತ ಬರೆದಿದ್ದೀರಿ. ಫೋಟೊ ನೋಡಿದೆ. ಚಾರ್ಟ್ ಪೇಪರ್ ಬೇಡ. ಮಡಿಸಿ ನಾಲ್ಕು ಪದರ ಆದರೆ ಕತ್ತರಿಯ ಬಾಯಲ್ಲಿ ಜಾರುತ್ತದೆ. ಗಾಳಿಪಟದ ತೆಳು ಕೆಂಪು ಕಾಗದ ತಗೊಳ್ಳಿ. ಮಡಿಸಿದ ಮೇಲೆ, ಆಮೇಲೆ ಕತ್ತರಿಸಿ ಬಿಸಾಡುವ ಜಾಗದಲ್ಲಿ ಎರಡು ಸ್ಟೇಪ್ಲರ್ ಪಿನ್ ಹೊಡೆಯಿರಿ.

ಒಳಗಿನ ಸಣ್ಣ ತೂತು ಮೊದಲು, ಹೊರಗಿನ ಅಂಚು ಕೊನೆಗೆ. ನೀವು ಉಲ್ಟಾ ಮಾಡಿದ್ದೀರಿ, ಅದಕ್ಕೇ ಹಿಡಿಯೋಕೆ ಏನೂ ಉಳಿದಿಲ್ಲ. ಬಲಗೈ ಅಲ್ಲಾಡಬಾರದು, ಎಡಗೈ ಕಾಗದವನ್ನು ತಿರುಗಿಸುತ್ತಾ ಹೋಗಬೇಕು.

ಮದುವೆಮನೆಗೆ ಅಂಟಿಸುವ ಆ ಜೋಡಿ ಅಕ್ಷರದ ಹೆಸರು 'ಶ್ವಾಂಗ್ ಶಿ', ಅಂದರೆ ಇಮ್ಮಡಿ ಸಂತೋಷ. ಸಂತೋಷ ಅನ್ನುವ 'ಶಿ' ಅಕ್ಷರ ಎರಡು, ಕೈಕೈ ಹಿಡಿದ ಹಾಗೆ ಇರುತ್ತವೆ, ಅಲ್ವಾ? ಆ ಅಡ್ಡಗೆರೆಗಳು ಕಾಗದದ ನಟ್ಟನಡುವಿನ ಮಡಿಕೆಯನ್ನು ದಾಟುತ್ತವೆ. ಅಲ್ಲಿ ಕತ್ತರಿ ಬಿದ್ದರೆ ಜೋಡಿ ಬೇರೆಯಾಯಿತು. ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೇ ಶುರು ಮಾಡಿ.

ಅಪಾರ್ಟ್‌ಮೆಂಟಿನ ಮಕ್ಕಳಿಗೂ ಹೇಳಿಕೊಡ್ತೀನಿ ಅಂದಿರಿ, ತುಂಬಾ ಸಂತೋಷ. ಒಂದೇ ಮನವಿ. ಗೆರೆ ಹಾಕಿದ ಹಾಳೆ ಹಂಚಿ 'ಕತ್ತರಿಸಿ' ಅಂತ ಸುಮ್ನೆ ಬಿಡಬೇಡಿ. ಇಂಥ ಶಿಬಿರಗಳಲ್ಲಿ ಜಾಸ್ತಿ ಆಗುವುದು ಅದೇ. ನನಗೆ ಬೇಸರ ಅದಕ್ಕೇ. ಈ ಚಿತ್ತಾರ ಎಲ್ಲಿಗೆ ಹಚ್ಚುತ್ತಿದ್ದರು ಅಂತಲೂ ಹೇಳಿ. ಉತ್ತರ ಚೀನಾದ ಹಳ್ಳಿಗಳಲ್ಲಿ ಮರದ ಕಿಟಕಿಗೆ ಗಾಜಿನ ಬದಲು ಕಾಗದ ಅಂಟಿಸುತ್ತಿದ್ದರು. ಹೊಸವರ್ಷಕ್ಕೆ ಆ ಕಾಗದ ಬದಲಾಯಿಸಿ, ಮೇಲೆ ಕೆಂಪು 'ಕಿಟಕಿ ಹೂ' ಹಚ್ಚುತ್ತಿದ್ದರು. ಮಕ್ಕಳ ಚಿತ್ತಾರವನ್ನೂ ಬಿಸಿಲು ಬೀಳುವ ಕಿಟಕಿಗೇ ಹಚ್ಚಿಸಿ. ತೂತುಗಳು ಯಾಕೆ ಬೇಕು ಅಂತ ಅವರಿಗೇ ಗೊತ್ತಾಗುತ್ತದೆ.

ದೊಡ್ಡ ಮಕ್ಕಳಿಗೆ ಚೀನಾದ ಹೆಬೆಯ್ ಪ್ರಾಂತದ ಯುಶಿಯೆನ್ ಊರಿನ ಕೆಲಸ ತೋರಿಸಿ. ಅಲ್ಲಿ ಕತ್ತರಿ ಇಲ್ಲ. ತೆಳು ಹಾಳೆಗಳ ಕಟ್ಟನ್ನು ಸಣ್ಣ ಚಾಕುವಿನಲ್ಲಿ ಕೊರೆದು, ಆಮೇಲೆ ಬಣ್ಣ ಹಾಕುತ್ತಾರೆ. ಚೀನಾದ ಕಾಗದ ಕತ್ತರಿಸುವ ಕಲೆ 2009ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿತು. ಆದರೆ ಚೀನಾದ ತೆಳು ಕಾಗದ ದೇಶ ದಾಟುವುದಕ್ಕೆ ಆ ಪಟ್ಟಿಗಾಗಿ ಕಾದಿರಲಿಲ್ಲ. ಮೆಕ್ಸಿಕೊದಲ್ಲಿ ಹಬ್ಬಕ್ಕೆ ಕಟ್ಟುವ ಕಾಗದದ ತೋರಣಕ್ಕೆ ಬಳಸುವ ತೆಳು ಹಾಳೆಯನ್ನು ಅಲ್ಲಿನವರು ಇಂದಿಗೂ 'ಚೀನಾ ಕಾಗದ' ಅಂತಲೇ ಕರೆಯುತ್ತಾರೆ.

ಅಂಟಿಸುವಾಗ ಫೆವಿಕಾಲ್ ಬೇಡ, ಕಾಗದ ಮುದುಡುತ್ತದೆ. ಮೈದಾ ಗೋಂದನ್ನು ತೆಳ್ಳಗೆ ಮಾಡಿ, ಬ್ರಶ್‌ನಲ್ಲಿ ಐದಾರು ಕಡೆ ಚುಕ್ಕೆ ಇಟ್ಟರೆ ಸಾಕು. ಅದಕ್ಕೂ ಮೊದಲು ಒಂದು ರಾತ್ರಿ ದಪ್ಪ ಪುಸ್ತಕದ ನಡುವೆ ಇಡಿ, ಮಡಿಕೆ ಎಲ್ಲ ಕೂರುತ್ತದೆ.